ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು

ಜೂನ್ ೪

ಗಿಣಿ,

ಕ್ಷೇಮಸಮಾಚಾರ ಆಮೇಲೆ. ಮೊದಲು ತಿದ್ದುಪಡಿ.

ಮೇ ಇಪ್ಪತ್ತೆಂಟರಂದು ನಿಮ್ಮ ಸಂಸ್ಥೆಯ ಸಭಾಂಗಣದಲ್ಲಿ ನಡೆದ ಪ್ರದರ್ಶನದ ಬಗ್ಗೆ ನಿನ್ನ ತಾಯಿ ನಿನಗೊಂದು ಪತ್ರ ಬರೆದಿದ್ದಾಳೆ. ಅಂಚೆಗೆ ಹಾಕುವ ಮೊದಲು ನನಗೆ ಓದಿ ಹೇಳಿದಳು; ಓದಿ ಹೇಳುವಷ್ಟು ಹೆಮ್ಮೆ. ಅದರಲ್ಲಿ "ಅಕ್ಕನಿಗೆ ಮಂಡಿನೋವು, ಅದಕ್ಕೆ ಬರಲಿಲ್ಲ" ಎಂದಿದೆ. ಇದು ತಪ್ಪು. ನನ್ನ ಮಂಡಿಗಳು ಚೆನ್ನಾಗಿವೆ. ನಾನು ಬಂದಿದ್ದೆ.

ಎರಡನೆಯ ತಪ್ಪು. ನಿನಗೆ ಸಮುದ್ರವನ್ನು ಮೊದಲು ತೋರಿಸಿದವಳು ತಾನೆಂದು ಅವಳು ಆ ಸಭೆಯಲ್ಲಿ ಧ್ವನಿವರ್ಧಕದ ಮುಂದೆ ಹೇಳಿದಳಂತೆ. ಜನ ಚಪ್ಪಾಳೆ ತಟ್ಟಿದರಂತೆ. ನಿನಗೆ ಸಮುದ್ರವನ್ನು ಮೊದಲು ತೋರಿಸಿದ್ದು ನಾನು, ಮೂರನೆಯ ತರಗತಿಯ ಪ್ರವಾಸದಲ್ಲಿ. ಬಸ್ಸಿನಲ್ಲಿ ನೀನು ಎರಡು ಸಲ ವಾಂತಿ ಮಾಡಿಕೊಂಡೆ, ಎರಡನೆಯ ಸಲ ನನ್ನ ಮಡಿಲಿಗೆ. ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತಿಲ್ಲ.

ಮೂರನೆಯ ತಪ್ಪು. "ಗಿಣಿಗೆ ಹುಟ್ಟಿದಾಗಿನಿಂದ ನೀರೆಂದರೆ ಪ್ರಾಣ." ತಲೆಗೆ ನೀರು ಹಾಕುವ ದಿನ ನಿನ್ನನ್ನು ಮಂಚದ ಕೆಳಗಿನಿಂದ ಎಳೆದು ತರಬೇಕಾಗಿತ್ತು. ನಾಲ್ಕನೆಯ ವಯಸ್ಸಿನಿಂದ ಹದಿನಾರರವರೆಗೆ ನಿನ್ನ ತಲೆಗೆ ನೀರು ಹಾಕಿದವರು ಯಾರು, ಆ ಹನ್ನೆರಡು ವರ್ಷ ನಾಟಕ ತಂಡದ ಬಟ್ಟೆ ಹೊಲಿಯುತ್ತ ಊರೂರು ತಿರುಗಿದವರು ಯಾರು ಎಂಬುದನ್ನು ನಿನಗೆ ನೆನಪಿಸಬೇಕಾಗಿಲ್ಲ.

ಇನ್ನು ನಾನು ಬಂದ ವಿಷಯ. ಸಮುದ್ರದ ತಳದಲ್ಲಿ ನೀವು ಇಳಿಸಿರುವ ಯಂತ್ರದ ಕಣ್ಣಿಗೆ ಕಾಣುವುದನ್ನು ಅದೇ ಕ್ಷಣದಲ್ಲಿ ಇಲ್ಲಿನ ತೆರೆಯ ಮೇಲೆ ತೋರಿಸುತ್ತಾರೆ, ನಿನ್ನ ದನಿಯೂ ಕೇಳುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ನನಗೆ ಬರಬೇಕಾದ ಆಹ್ವಾನ ಅಂಚೆಯಲ್ಲಿ ಕಳೆದಿದೆಯೆಂದು ತಿಳಿದು ಹತ್ತಕ್ಕೆ ಇಪ್ಪತ್ತು ನಿಮಿಷ ಮೊದಲೇ ಬಾಗಿಲಲ್ಲಿದ್ದೆ. ಕಾವಲುಗಾರ ತಡೆದ.

"ಕಾರ್ಡ್ ತೋರ್ಸಿ ಅಮ್ಮ."

"ನಾನು ಅವಳ ದೊಡ್ಡಮ್ಮ."

"ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಸೋದರಮಾವ ಎಲ್ರೂ ಬಂದ್ರೆ ಹಾಲ್ ಸಾಲ್ಬೇಕಲ್ಲ ಅಮ್ಮ. ಒಬ್ರಿಗೆ ಒಂದೇ ಕಾರ್ಡು. ಫಾರಂನಲ್ಲಿ ಯಾರ ಹೆಸ್ರಿದ್ಯೋ ಅವ್ರಿಗೆ."

"ಯಾವ ಫಾರಂ?"

"ಹಡಗು ಹತ್ತೋಕ್ಮುಂಚೆ ಬರ್ಕೊಡ್ತಾರಲ್ಲ. ಏನಾದ್ರೂ ಆದ್ರೆ ಯಾರಿಗೆ ಹೇಳ್ಬೇಕು ಅಂತ. ಅದು."

ಆ ಫಾರಂ ನನಗೆ ಗೊತ್ತು. ಹನ್ನೊಂದು ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆ, ನನ್ನ ಲೇಖನಿಯಿಂದ, ನನ್ನ ಹೆಸರನ್ನು ನೀನು ಅದರಲ್ಲಿ ಬರೆದೆ. ನಾನು ನಿಂತಿದ್ದಂತೆಯೇ ನಿನ್ನ ತಾಯಿ ಹೊಸ ಚಪ್ಪಲಿ ಮೆಟ್ಟಿಕೊಂಡು ಇನ್ನೊಂದು ಬಾಗಿಲಿನಿಂದ ಒಳಗೆ ಹೋದಳು. ನನ್ನನ್ನು ನೋಡಲಿಲ್ಲ. ಎದುರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತೆ, ಆರು ಬಸ್ಸುಗಳನ್ನು ಬಿಟ್ಟೆ, ಮನೆಗೆ ಬಂದೆ. ಅವಳು ಪತ್ರ ಓದಿದಾಗ ನಾನು ಬಾಯಿ ಬಿಡಲಿಲ್ಲ. ತಿದ್ದಬೇಕಾದರೆ ಬಾಗಿಲಿನಿಂದ ಹಿಂದಿರುಗಿದ್ದನ್ನು ಹೇಳಬೇಕಾಗುತ್ತಿತ್ತು.

ನನ್ನ ಹೆಸರನ್ನು ಏಕೆ ತೆಗೆದೆ? ಒಂದೇ ವಾಕ್ಯದಲ್ಲಿ ಉತ್ತರ ಬರಲಿ.

ದೊಡ್ಡಮ್ಮ


ಜೂನ್ ೨೬, ಹಡಗಿನಿಂದ

ದೊಡ್ಡಮ್ಮ,

ನಿಮ್ಮ ಪತ್ರ ಸಾಮಾನಿನ ದೋಣಿಯಲ್ಲಿ ಈರುಳ್ಳಿ ಮೂಟೆಗಳ ನಡುವೆ ಬಂದಿತು. ಓದಿದಾಗ ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಯಿಂದ ಎಂದು ಜೊತೆಯವರಿಗೆ ಹೇಳಿದೆ.

ನೀವು ಬಾಗಿಲಿಗೆ ಬಂದಿದ್ದಿರೆಂದು ನನಗೆ ಗೊತ್ತಿರಲಿಲ್ಲ. ಆ ದಿನ ತೆರೆಯ ಮೇಲೆ ಏನಿತ್ತೆಂದು ನಿಮಗೆ ಬರೆಯಲೇಬೇಕು. ನಮ್ಮ ಯಂತ್ರಕ್ಕೆ ಇಲ್ಲಿ ಎಲ್ಲರೂ "ಎಮ್ಮೆ" ಎನ್ನುತ್ತಾರೆ. ನೀರಿಗಿಳಿದರೆ ಮೇಲೆ ಬರಲು ಒಲ್ಲದು, ಮೂಗುದಾರವಾಗಿ ಒಂದು ಉಕ್ಕಿನ ಹಗ್ಗ. ಹಗ್ಗದ ರಾಟೆಯವರು ಅದನ್ನು ಒಂದೂವರೆ ಕಿಲೋಮೀಟರ್ ಆಳಕ್ಕೆ ಬಿಡುತ್ತಾರೆ. ನಾನು ಪರದೆಯ ಮುಂದೆ ಕುಳಿತು ಅದರ ಕಣ್ಣನ್ನು ತಿರುಗಿಸುತ್ತೇನೆ. ಅಲ್ಲಿ ಸೂರ್ಯ ಎಂದೂ ಹುಟ್ಟಿಲ್ಲ. ನೀರು ಮಂಜುಗಡ್ಡೆಯಾಗಲು ಮೂರು ಡಿಗ್ರಿ ಬಾಕಿ. ಆ ಕತ್ತಲಲ್ಲಿ, ಒಂದು ಬಂಡೆಯ ಓರೆಗೆ ಒಂದು ಆಕ್ಟೋಪಸ್ ಅಂಟಿಕೊಂಡು ಕುಳಿತಿದೆ. ಅದರ ತೋಳುಗಳ ಕೆಳಗೆ ನೂರೈವತ್ತು ಮೊಟ್ಟೆಗಳಿವೆ. ನಾವು ಅವಳನ್ನು ಅಲ್ಲಿ ಮೊದಲು ನೋಡಿ ಮೂರು ವರ್ಷ ಎರಡು ತಿಂಗಳಾಯಿತು. ಅದೇ ಅವಳು, ಬಲಗಣ್ಣಿನ ಕೆಳಗಿನ ಗಾಯದ ಗುರುತಿನಿಂದ ಹೇಳುತ್ತೇವೆ. ಈ ಮೂರು ವರ್ಷ ಅವಳು ಏನನ್ನೂ ತಿಂದದ್ದನ್ನು ಯಾರೂ ನೋಡಿಲ್ಲ. ಎಮ್ಮೆಯ ಕೈಯಲ್ಲಿ ಏಡಿಯ ಮಾಂಸ ಕೊಟ್ಟೆವು, ತಳ್ಳಿಬಿಟ್ಟಳು. ಬಣ್ಣ ಬಿಳಿಚಿಕೊಂಡಿದೆ, ಕಣ್ಣಿಗೆ ಪೊರೆ ಬಂದಿದೆ. ಅಲ್ಲಿನ ಚಳಿಯಲ್ಲಿ ಎಲ್ಲವೂ ನಿಧಾನ: ಮೊಟ್ಟೆ ಬಲಿಯುವುದೂ ನಿಧಾನ, ಸಾಯುವುದೂ ನಿಧಾನ. ಅದರಿಂದಲೇ ಅವಳಿಗೆ ಇದು ಸಾಧ್ಯವಾಗಿದೆ.

ರಾಟೆಯವರು ಬೆಳಿಗ್ಗೆ ಎದ್ದೊಡನೆ ಕೇಳುತ್ತಾರೆ, "ಮೇಡಂ, ನಿಮ್ಮ ಬಾಣಂತಿ ಹೇಗಿದಾಳೆ?"

"ಇನ್ನೂ ಹೆತ್ತಿಲ್ಲ, ಬಾಣಂತಿ ಹೇಗಾಗ್ತಾಳೆ?" ಎಂದರೆ, "ನಮ್ಮ ಅತ್ತಿಗೆ ಆರನೇ ತಿಂಗ್ಳಿಂದ್ಲೇ ಬಾಣಂತಿ ಥರ ಮಲ್ಗಿದ್ರು ಬಿಡಿ" ಎನ್ನುತ್ತಾರೆ.

ಫಾರಂ ವಿಷಯ. ನಿಮಗೆ ಎದೆನೋವು ಬಂದಾಗ ವೈದ್ಯರು ಆಘಾತದ ಸುದ್ದಿ ಹೇಳಬಾರದು ಎಂದಿದ್ದರಲ್ಲ? ಅದಕ್ಕಾಗಿ ಬದಲಾಯಿಸಿದೆ. ಒಂದೇ ವಾಕ್ಯ.

ನಿಮ್ಮ
ಗಿಣಿ


ಜುಲೈ ೧೨

ಗಿಣಿ,

ನಿನ್ನ ಒಂದೇ ವಾಕ್ಯ ಸೊಗಸಾಗಿತ್ತು. ಎರಡು ದಿನ ಅದನ್ನು ನಂಬಿದೆ. ಮೂರನೆಯ ದಿನ ನಿಮ್ಮ ಸಂಸ್ಥೆಯ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತೆ ನನ್ನ ಹಳೆಯ ವಿದ್ಯಾರ್ಥಿನಿ, ಏಳನೆಯ ತರಗತಿ, ಕಿಟಕಿಯ ಪಕ್ಕದ ಬೆಂಚು. ನನ್ನನ್ನು ಕಂಡು ಈಗಲೂ ಎದ್ದು ನಿಲ್ಲುತ್ತಾಳೆ. "ಟೀಚರ್, ಇದನ್ನೆಲ್ಲ ನಾನು ಹೇಳಬಾರ್ದು" ಎಂದು ಹೇಳುತ್ತಲೇ ಹೇಳಿದಳು. ನೀನು ಫಾರಂ ಬದಲಾಯಿಸಿದ್ದು ಜನವರಿ ಒಂಬತ್ತರಂದು. ನನಗೆ ಎದೆನೋವು ಬಂದದ್ದು ಫೆಬ್ರವರಿ ಹದಿನೇಳರಂದು. ಬರಲಿರುವ ಎದೆನೋವನ್ನು ಐದು ವಾರ ಮೊದಲೇ ಕಂಡುಕೊಂಡೆಯಾದರೆ ನೀನು ಸಮುದ್ರಜೀವಿಗಳನ್ನು ಬಿಟ್ಟು ಭವಿಷ್ಯ ಹೇಳುವುದು ಒಳ್ಳೆಯದು.

ಸುಳ್ಳು ಹೇಳುವವರು ತಾರೀಖು ನೋಡಿಕೊಳ್ಳಬೇಕು ಎಂದು ನಿನಗೆ ಕಲಿಸದಿದ್ದುದು ನನ್ನ ತಪ್ಪು. ಸುಳ್ಳೇ ಹೇಳಬಾರದು ಎಂದಷ್ಟೇ ಕಲಿಸಿದ್ದೆ. ನಾನು ಈ ವಯಸ್ಸಿನವರೆಗೆ ಒಂದನ್ನೂ ಹೇಳಿಲ್ಲ, ಮಂಡಿನೋವಿನಂಥ ಸಣ್ಣದನ್ನೂ.

ಈಗ ನಿನ್ನ ಅಷ್ಟಪದಿಯ ವಿಚಾರ. (ನಮ್ಮಲ್ಲಿ ಹೆಸರಿದ್ದಾಗ ಅದನ್ನೇ ಬಳಸು.) ಮೂರು ವರ್ಷ ಉಪವಾಸವಿದ್ದು ಮೊಟ್ಟೆ ಕಾಯುವ ತಾಯಿಯ ಕಥೆಯನ್ನು ನನಗೆ ಏಕೆ ಬರೆದೆ ಎಂಬುದು ತಿಳಿಯದಷ್ಟು ಮಂಕು ಕವಿದಿಲ್ಲ ನನಗೆ. ಹೆತ್ತವಳು ಹೆತ್ತವಳೇ ಎಂದು ಹೇಳಬೇಕಾಗಿತ್ತು. ಸಮುದ್ರದ ತಳದಿಂದ ಸಾಕ್ಷಿ ಎತ್ತಿ ತಂದೆ. ಒಂದು ಪ್ರಶ್ನೆ. ಆ ಪ್ರಾಣಿ ಮೊಟ್ಟೆಗಳನ್ನು ಅಕ್ಕನ ಬಂಡೆಯ ಮೇಲೆ ಇಟ್ಟು ನಾಟಕ ತಂಡದ ಜೊತೆ ಹೊರಟುಹೋಗಿದ್ದರೆ ನೀನು ಯಾರ ಚಿತ್ರ ತೆಗೆಯುತ್ತಿದ್ದೆ?

ನಿನ್ನ ತಾಯಿ ನಿನ್ನೆ ಬಂದಿದ್ದಳು. ಅವಳ ಮನೆ ಎರಡೇ ಬೀದಿ ಆಚೆ, ಆದರೆ ಇತ್ತೀಚೆಗೆ ಫೋನನ್ನು ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡು ಬರುತ್ತಾಳೆ, ಕರುವಿನ ಕೊರಳ ಗಂಟೆಯ ಹಾಗೆ. "ಏನೇ ಇದು?" ಎಂದೆ. "ಆಫೀಸಿಂದ ಯಾವಾಗ ಬೇಕಾದ್ರೂ ಫೋನ್ ಬರ್ಬೋದು ಅಕ್ಕ. ನಾನೇ ತಾನೇ ಈಗ ಅದಕ್ಕೆ?" ಎಂದಳು. ಆ "ನಾನೇ" ಎಂಬುದನ್ನು ಅವಳು ಉಚ್ಚರಿಸಿದ ರೀತಿಯನ್ನು ನೀನು ಕೇಳಬೇಕಾಗಿತ್ತು.

ನಿಜವಾದ ಕಾರಣ ಬರೆ. ಎಷ್ಟು ವಾಕ್ಯಗಳಾದರೂ ಆಗಲಿ.

ದೊಡ್ಡಮ್ಮ


ಆಗಸ್ಟ್ ೩, ಹಡಗಿನಿಂದ

ದೊಡ್ಡಮ್ಮ,

ಸುಳ್ಳಿಗೆ ಕ್ಷಮೆ ಕೇಳುತ್ತೇನೆ. ನಿಜ ಇದು.

ಜನವರಿಯಲ್ಲಿ ಹಡಗು ಹತ್ತುವ ಮೊದಲು ಅಮ್ಮನ ಮನೆಯಲ್ಲಿ ಫಾರಂ ತುಂಬುತ್ತಿದ್ದೆ. ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತು ನೋಡುತ್ತಿದ್ದಳು. ನಿಮ್ಮ ಹೆಸರು ಬರೆಯಲು ಶುರುಮಾಡಿದೆ. ಅವಳು ತುಳಿಯುವುದನ್ನು ನಿಲ್ಲಿಸಿದಳು.

"ನಿನ್ನ ಸ್ಕೂಲ್ ಫಾರಂನಲ್ಲಿ ಅಕ್ಕ. ಕಾಲೇಜ್ ಫಾರಂನಲ್ಲಿ ಅಕ್ಕ. ಆಸ್ಪತ್ರೆ ಚೀಟಿಯಲ್ಲೂ ಅಕ್ಕ. ತಪ್ಪಿಲ್ಲ ಬಿಡು, ನಾನಿರ್ಲಿಲ್ಲ. ಇದೊಂದ್ರಲ್ಲಿ ನಾನಿರ್ಲಾ? ನಿಂಗೇನಾದ್ರೂ ಆದ್ರೆ ನಂಗೆ ಎರಡ್ನೆಯವಳಾಗಿ ತಿಳೀಬಾರ್ದು ಕಣೇ."

ಅಷ್ಟೇ ಅಂದಳು. ಅಮ್ಮ ನನ್ನನ್ನು ಏನನ್ನಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ. ಇಲ್ಲ ಎನ್ನಲಾಗಲಿಲ್ಲ. ನೀವು ಎಂದೂ ಕೇಳಿರಲಿಲ್ಲ ದೊಡ್ಡಮ್ಮ. ನಿಮಗೆ ಕೇಳಬೇಕಾಗಿಯೇ ಬಂದಿರಲಿಲ್ಲ. ನಿಮಗೆ ಹೇಳಲು ಧೈರ್ಯ ಸಾಲಲಿಲ್ಲ. ಐದು ಸಾವಿರ ಅಡಿ ಆಳಕ್ಕೆ ಇಳಿಯುವ ಎಮ್ಮೆಗೂ ನಿಮ್ಮ ಮುಖದ ಮುಂದೆ ನಿಲ್ಲುವ ಧೈರ್ಯ ಇರಲಾರದು.

ಆಕ್ಟೋಪಸ್, ತಪ್ಪಾಯಿತು, ಅಷ್ಟಪದಿ, ಯಾರ ಮೇಲೂ ಇಟ್ಟು ಬರೆದದ್ದಲ್ಲ. ಅಲ್ಲಿ ಹೆತ್ತವಳು, ಕಾದವಳು ಇಬ್ಬರೂ ಒಬ್ಬಳೇ. ನನಗೆ ಹಾಗಾಗಲಿಲ್ಲ.

ಈ ತಿಂಗಳು ನಾವು ಬೇರೆ ಜಾಗಕ್ಕೆ ಬಂದಿದ್ದೇವೆ. ಇಲ್ಲಿ ಸಮುದ್ರದ ನೆಲ ಬಿರುಕು ಬಿಟ್ಟು, ಒಳಗಿನಿಂದ ಸೀಸ ಕರಗುವಷ್ಟು ಬಿಸಿಯ ಕರಿನೀರು ಹೊಗೆಯಂತೆ ಏಳುತ್ತದೆ. ಮನುಷ್ಯ ಕುಡಿದರೆ ಅಲ್ಲೇ ಸಾಯುವಂಥ ವಿಷ. ಆ ಹೊಗೆಯ ಪಕ್ಕದಲ್ಲಿ ಆಳೆತ್ತರದ ಹುಳುಗಳು ಹಿಂಡುಗಟ್ಟಿ ನಿಂತಿವೆ. ಬಿಳಿಯ ಕೊಳವೆ, ತುದಿಯಲ್ಲಿ ಕೆಂಪು ಗರಿ. ಅವಕ್ಕೆ ಬಾಯಿಲ್ಲ, ಹೊಟ್ಟೆಯೂ ಇಲ್ಲ. ಮೈಯೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳನ್ನು ಇರಿಸಿಕೊಂಡಿವೆ. ಹುಳು ಗರಿಯಿಂದ ವಿಷವನ್ನು ಹೀರಿ ಒಳಗೆ ಕೊಡುತ್ತದೆ. ಒಳಗಿನವರು ಅದನ್ನೇ ಬೇಯಿಸಿ ಅನ್ನ ಮಾಡಿ ಹುಳುವಿಗೆ ಉಣ್ಣಿಸುತ್ತಾರೆ. ಒಬ್ಬರಿಲ್ಲದೆ ಒಬ್ಬರಿಲ್ಲ. ಬಿಸಿಲನ್ನೇ ಕಾಣದೆ ನಡೆಯುವ ಸಂಸಾರ. ಮೇಲಿನಿಂದಲೂ ಊಟ ಬೀಳುತ್ತದೆ, ಸತ್ತ ಜೀವಿಗಳ ಚೂರು, ಎಂಜಲು. ಬೆಳಕಿನಲ್ಲಿ ಹಿಮದಂತೆ ಕಾಣುತ್ತದೆ. ಆಳದ ಬಹಳಷ್ಟು ಜೀವಿಗಳು ಅದನ್ನೇ ಕಾಯುತ್ತಿರುತ್ತವೆ.

ಕೋಪ ಮಾಡಿಕೊಳ್ಳಿ, ಆದರೆ ಬರೆಯಿರಿ.

ಗಿಣಿ


ಆಗಸ್ಟ್ ೨೦

ಗಿಣಿ,

ಪತ್ರ ತಲುಪಿತು. ವಾಕ್ಯಗಳು ಸರಿಯಾಗಿವೆ.

ಮೇಲಿನಿಂದ ಬೀಳುವ ಎಂಜಲನ್ನು ಕಾಯುವ ಜೀವಿಗಳ ಬಗ್ಗೆ ನೀನು ನನಗೆ ಪಾಠ ಹೇಳಬೇಕಾಗಿಲ್ಲ. ಆರು ತಿಂಗಳಿಗೊಮ್ಮೆ ನಿನ್ನ ತಾಯಿಯಿಂದ ನಾಲ್ಕು ಸಾಲಿನ ಕಾರ್ಡು ಬೀಳುತ್ತಿತ್ತು. ದಿನಕ್ಕೆ ಮೂರು ಹೊತ್ತು ನನ್ನ ಕೈಯಡುಗೆ ಉಂಡು, ನೀನು ಬದುಕುತ್ತಿದ್ದುದು ಆ ಕಾರ್ಡಿನ ಮೇಲೆ. ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ನಾನು ಹಾಸಿಗೆ ಕೊಡವುವಾಗ ಪ್ರತಿ ಸಲವೂ ಅದನ್ನು ಎತ್ತಿ ಮತ್ತೆ ಅಲ್ಲೇ ಇಡುತ್ತಿದ್ದೆ.

ನಿನ್ನ ಕೋಣೆಯ ಪುಸ್ತಕಗಳನ್ನು ಎರಡು ಪೆಟ್ಟಿಗೆಗಳಲ್ಲಿ ತುಂಬಿ ನಿನ್ನ ತಾಯಿಯ ಮನೆಗೆ ಕಳುಹಿಸಿದ್ದೇನೆ.

ದೊಡ್ಡಮ್ಮ


ಸೆಪ್ಟೆಂಬರ್ ೯, ಹಡಗಿನಿಂದ

ದೊಡ್ಡಮ್ಮ,

ಪುಸ್ತಕಗಳನ್ನು ಕಳುಹಿಸಿದಿರಿ. ಮಂಚವನ್ನು ಯಾವಾಗ ಕಳುಹಿಸುತ್ತೀರಿ?

ಹೀಗೆ ಬರೆದದ್ದಕ್ಕೆ ಈಗಲೇ ನಾಚಿಕೆಯಾಗುತ್ತಿದೆ, ಆದರೆ ನೀವೇ ಹೇಳಿಕೊಟ್ಟಂತೆ ಹೊಡೆದುಹಾಕುವುದಿಲ್ಲ. ಬರೆದ ಮೇಲೆ ಅದಕ್ಕೆ ನಿಲ್ಲಬೇಕು.

ಮಿತ್ರರೊಬ್ಬರು ನನ್ನನ್ನು ಕೇಳಿದರು, ಅಷ್ಟು ನೀರಿನ ಭಾರದಡಿ ಮೀನು ಹೇಗೆ ನಜ್ಜುಗುಜ್ಜಾಗುವುದಿಲ್ಲ ಎಂದು. ನೀವೂ ಒಮ್ಮೆ ಕೇಳಿದ್ದಿರಿ, ನಾನು ಅವಸರದಲ್ಲಿ ಉತ್ತರಿಸಿರಲಿಲ್ಲ. ಆಳದ ಮೀನು ಭಾರವನ್ನು ತಡೆದು ನಿಲ್ಲುವುದಿಲ್ಲ. ಅದರೊಳಗೂ ಅಷ್ಟೇ ಒತ್ತಡದ ನೀರಿರುತ್ತದೆ, ಒಳಗೂ ಹೊರಗೂ ಸಮ. ಆದರೂ ಅಷ್ಟು ಒತ್ತಡಕ್ಕೆ ಜೀವಕೋಶದೊಳಗಿನ ಸೂಕ್ಷ್ಮ ಕಟ್ಟಡಗಳು ಮುರಿಯಬೇಕು. ಅವುಗಳಿಗೆ ಊರುಗೋಲಾಗಿ ಒಂದು ವಸ್ತು ಇರುತ್ತದೆ. ಎಷ್ಟು ಆಳದ ಮೀನೋ ಅಷ್ಟು ಹೆಚ್ಚು ಆ ವಸ್ತು. ತಮಾಷೆಯೆಂದರೆ, ಮೀನು ಸತ್ತ ಮೇಲೆ ಮೂಗು ಮುಚ್ಚಿಕೊಳ್ಳುವಂತೆ ನಾರುವುದು ಅದೇ ವಸ್ತು ಕೆಟ್ಟಾಗ. ಮೀನಿಗೆ ಅದು ಬೆನ್ನೆಲುಬು, ನಮಗೆ ನಾತ. ಅಂಥ ಮೀನನ್ನು ಒಮ್ಮೆಲೇ ಮೇಲೆ ತಂದರೆ ಅದು ಉಳಿಯುವುದಿಲ್ಲ. ಭಾರ ಇಳಿಯಿತು ಎಂದು ಹಿಗ್ಗುವುದಿಲ್ಲ, ಸಾಯುತ್ತದೆ.

ನಿಮ್ಮ ಮನೆಯಲ್ಲಿ ಹನ್ನೆರಡು ವರ್ಷ ಬೆಳೆದವಳು ನಾನು. ನಿಮ್ಮ ಶಿಸ್ತು ಭಾರ ಎಂದು ಜನ ನನಗೆ ಕನಿಕರ ತೋರಿಸುತ್ತಿದ್ದರು. ನನಗೆ ಅದು ತಿಳಿಯುತ್ತಲೇ ಇರಲಿಲ್ಲ.

ಇದರೊಡನೆ ಹೊಸ ಫಾರಂ ಇದೆ. ನಾನು ಸಹಿ ಮಾಡಿದ್ದೇನೆ. "ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು" ಎಂಬ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಒಂದೇ ಹೆಸರಿಗೆ ಜಾಗ. ನೀವೇ ತುಂಬಿ ಕಚೇರಿಗೆ ಕಳುಹಿಸಿ. ಯಾರ ಹೆಸರು ಬರೆದರೂ ನಾನು ಎದುರು ಮಾತನಾಡುವುದಿಲ್ಲ.

ಗಿಣಿ


ಸೆಪ್ಟೆಂಬರ್ ೨೭

ಗಿಣಿ,

ಫಾರಂ ಬಂದಿತು.

ನೀನು ನ್ಯಾಯಾಧೀಶೆಯ ಸ್ಥಾನದಿಂದ ಇಳಿದುಕೊಂಡು ನನ್ನನ್ನು ಅಲ್ಲಿ ಕೂರಿಸಿದ್ದೀಯೆ. ಇದು ಜಾಣತನವೋ ಹೇಡಿತನವೋ ಎಂದು ಯೋಚಿಸಿದೆ. ಎರಡೂ ಹೌದು.

ನಿನ್ನ ಮೀನಿನ ವಿಚಾರವನ್ನು ಮೂರು ಸಲ ಓದಿದೆ. ಒಂದು ಮಾತು ನಿನಗೆ ಹೇಳುತ್ತೇನೆ, ಯಾರಿಗೂ ಹೇಳಬೇಡ. ನಿನ್ನ ತಾಯಿ ಹಿಂದಿರುಗಿದ ದಿನದಿಂದ ನನ್ನೊಳಗೂ ಒಂದು ವಸ್ತು ಇದೆ. ಅವಳು ನಿನ್ನ ತಲೆ ಬಾಚಿದರೆ ಹೆಚ್ಚುತ್ತದೆ, ನೀನು ಅವಳ ಮಾತಿಗೆ ನಕ್ಕರೆ ಹೆಚ್ಚುತ್ತದೆ. ಅದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರು. ಸಭ್ಯವಾದ ಬೇರೆ ಪದ ಹುಡುಕಿದೆ, ಸಿಕ್ಕಿದವು ಯಾವುವೂ ಸರಿಹೊಂದಲಿಲ್ಲ. ಬೇರೆಯವರ ಮೂಗಿಗೆ ನಾರುತ್ತದೆಂಬುದು ನನಗೆ ಗೊತ್ತು. ಆದರೆ ನೀನು ಹೋದ ಮೇಲೆ ಈ ಖಾಲಿ ಮನೆಯಲ್ಲಿ ನನ್ನನ್ನು ಕುಸಿಯದಂತೆ ನಿಲ್ಲಿಸಿದ್ದೂ ಅದೇ.

ಆ ಸಾಲಿನಲ್ಲಿ ನನ್ನ ಹೆಸರನ್ನೇ ಬರೆದಿದ್ದೇನೆ. ಒಳ್ಳೆಯ ಅಕ್ಷರಗಳಲ್ಲಿ. ನಾಳೆ ಅಂಚೆಗೆ ಹಾಕುತ್ತೇನೆ.

ದೊಡ್ಡಮ್ಮ


ಅಕ್ಟೋಬರ್ ೧೫

ಗಿಣಿ,

ಈ ಪತ್ರ ಹಡಗಿಗಲ್ಲ, ಬಂದರಿನ ಆಸ್ಪತ್ರೆಗೆ ಬರುತ್ತಿದೆ. ದಿನಕ್ಕೆ ಹತ್ತು ನಿಮಿಷ ಓದಬಹುದು ಎಂದು ವೈದ್ಯರು ಹೇಳಿದ್ದಾರಂತೆ. ಎರಡು ದಿನ ಮಾಡಿ ಓದು. ಹೊಲಿಗೆ ಹಾಕಿದ ಕಾಲನ್ನು ದಿಂಬಿನ ಮೇಲೆ ಇಟ್ಟಿರು. ನಾವಿಬ್ಬರೂ ಶನಿವಾರ ಅಲ್ಲಿಗೆ ಹೊರಡುತ್ತೇವೆ.

ಅಕ್ಟೋಬರ್ ಒಂದರಂದು ನಡೆದುದನ್ನು ನಿನ್ನ ತಾಯಿ ತನ್ನ ರೀತಿಯಲ್ಲಿ ಹೇಳುತ್ತಾಳೆ, ಅದಕ್ಕೆ ಮೊದಲು ನನ್ನದನ್ನು ಓದು.

ಫಾರಂ ಅಂದಿಗೂ ನನ್ನ ಮೇಜಿನ ಮೇಲೆಯೇ ಇತ್ತು. ಲಕೋಟೆಯ ಮೇಲೆ ವಿಳಾಸ ಬರೆದಿದ್ದೆ, ಅಂಟಿಸಿರಲಿಲ್ಲ. ಮೂರು ದಿನ ಏಕೆ ಹಾಕಲಿಲ್ಲ ಎಂದು ಕೇಳಬೇಡ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ರಿಪೇರಿಯವನು ಬಂದು ನೀರು ನಿಲ್ಲಿಸಿ ಬಿಚ್ಚಿ ಕೂತಿದ್ದ. ಮಧ್ಯಾಹ್ನ ಮೂರು ಗಂಟೆಗೆ ನಿನ್ನ ತಾಯಿ ಆಟೋದಲ್ಲಿ ಪುಸ್ತಕದ ಪೆಟ್ಟಿಗೆಗಳನ್ನು ಹೇರಿಕೊಂಡು ಬಂದಳು.

"ತಗೋ, ಅವ್ಳ ಪುಸ್ತಕ ನೀನೇ ಇಟ್ಕೋ. ಅವ್ಳು ಬಂದ್ರೆ ಹುಡ್ಕೋದು ಇಲ್ಲೇ. ನನ್ನ ಮನೆಗೆ ಬಂದ್ರೆ ಬರೀ ಟೀ ಕುಡ್ದು ಹೋಗ್ತಾಳೆ" ಎಂದಳು. ಆಮೇಲೆ ಫಾರಂ ನೋಡಿದಳು. ಎತ್ತಿ ಓದಿದಳು. ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಕ್ಕ, ಹನ್ನೆರಡು ವರ್ಷ ನಿಂದು ಅಂತ ನಾನೇ ಒಪ್ಕೊಂಡಿದೀನಿ. ಈ ಒಂದು ಗೆರೇನೂ ಬಿಡಲ್ವಾ ನೀನು?"

"ಗೆರೆ ತುಂಬಲು ಹೆಸರಿದ್ದರೆ ಸಾಲದು," ಎಂದೆ.

"ಮತ್ತಿನ್ನೇನು ಬೇಕು? ನಿಂಗೆ ಬರೋ ವ್ಯಾಕರಣ ಬೇಕಾ?"

ಅಷ್ಟರಲ್ಲಿ ಅವಳ ಕೊರಳಿನ ಫೋನು ರಿಂಗಣಿಸಿತು. ಕಚೇರಿಯಿಂದ. ಉಕ್ಕಿನ ಹಗ್ಗ ತುಂಡಾಗಿ ನಿನ್ನ ತೊಡೆಗೆ ಬಡಿದಿದೆ, ಗಾಯ ಆಳವಾಗಿದೆ, ಎರಡು ದಿನದಲ್ಲಿ ಕೀವಾಗಿ ಜ್ವರವೇರಿ ಪ್ರಜ್ಞೆಯಿಲ್ಲ, ಈಗಷ್ಟೇ ಬಂದರಿನ ಆಸ್ಪತ್ರೆಗೆ ಸೇರಿಸಿದ್ದಾರೆ, ವೈದ್ಯರನ್ನು ಇದೇ ತಂತಿಗೆ ಸೇರಿಸುತ್ತೇವೆ ಎಂದರು. ಇಷ್ಟನ್ನೂ ಅವಳು ಗಟ್ಟಿಯಾಗಿ ಮತ್ತೆ ಹೇಳುತ್ತ ಹೋದಳು, ನನಗೆ ಕೇಳಲೆಂದು. ವೈದ್ಯರು ಏನನ್ನೋ ಕೇಳಿದರು. ಅವಳು, "ಅಲರ್ಜಿನಾ? ಯಾವ ಔಷಧಿನೂ ಆಗಿಬರಲ್ಲ ಅಂತ ಏನೂ... ಇಲ್ಲ ಸಾರ್. ಇಲ್ಲ. ಹಾಗೇನಿಲ್ಲ" ಎಂದಳು.

ನಾನು ಫೋನನ್ನು ಕಿತ್ತುಕೊಂಡೆ. ದಾರ ಅವಳ ಕೊರಳಲ್ಲೇ ಇದ್ದುದರಿಂದ ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು.

"ಇದೆ," ಎಂದೆ. "ಪೆನಿಸಿಲಿನ್ ಕೊಡಬಾರದು. ಅದರ ಜಾತಿಯ ಯಾವುದನ್ನೂ ಕೊಡಬಾರದು. ಒಂಬತ್ತನೆಯ ವಯಸ್ಸಿನಲ್ಲಿ ಗಂಟಲು ಹುಣ್ಣಿಗೆ ಚುಚ್ಚಿದ್ದರು. ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು ಎದ್ದು, ಗಂಟಲು ಕಟ್ಟಿ, ಉಸಿರು ನಿಂತಿತ್ತು."

"ಫಾರಂನಲ್ಲಿ ಪೇಷಂಟೇ 'ಅಲರ್ಜಿ ಇಲ್ಲ' ಅಂತ ಬರ್ದಿದಾರಲ್ಲ?" ಎಂದರು ವೈದ್ಯರು.

"ಅವಳಿಗೆ ಗೊತ್ತಿಲ್ಲ."

ಗೊತ್ತಿಲ್ಲದಿರಲು ಕಾರಣ ನಾನು. ಚುಚ್ಚುಮದ್ದೆಂದರೆ ಜೀವನವಿಡೀ ಹೆದರುತ್ತೀಯೆಂದು, ಅದು ಬೆವರುಸಾಲೆ ಎಂದು ನಿನಗೆ ಹೇಳಿದ್ದೆ. ಒಂದೂ ಸುಳ್ಳು ಹೇಳಿಲ್ಲವೆಂದು ಜುಲೈನಲ್ಲಿ ಬರೆದೆನಲ್ಲ, ಅದನ್ನು ತಿದ್ದಿಕೊ. ನಿನ್ನ ಬಾಲ್ಯವನ್ನೆಲ್ಲ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದೆ, ನಿನಗೂ ಕೊಡದೆ.

ವೈದ್ಯರು ಬಿಡಲಿಲ್ಲ. "ಈಗ ತಾನೇ ತಾಯಿ ಏನೂ ಇಲ್ಲ ಅಂದ್ರು. ನೀವು ಇದೆ ಅಂತೀರಿ. ನಾನು ಯಾರ ಮಾತು ಬರ್ಕೊಳ್ಲಿ? ತಾವು ಯಾರು?"

ನಿನ್ನ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಪಿಸುಗುಟ್ಟಿದಳು, "ಹೇಳು ಅಕ್ಕ. ಹಾಗಂತ್ಲೇ ಹೇಳು."

"ಮೊದಲು ಮಾತನಾಡಿದವಳು ಅವಳ ಚಿಕ್ಕಮ್ಮ. ತಾಯಿ ನಾನು," ಎಂದೆ.

"ಸರಿ ಅಮ್ಮ. ಬೇರೆ ಔಷಧಿ ಕೊಡ್ತೀವಿ," ಎಂದರು.

ಆಮೇಲೆ ನಾವಿಬ್ಬರೂ ನೆಲದ ಮೇಲೆ ಕುಳಿತೆವು, ಯಾರು ಮೊದಲು ಕುಳಿತರೋ ತಿಳಿಯದು. ತುಂಬ ಹೊತ್ತಿನ ಮೇಲೆ ಅವಳು ಫಾರಂ ತೆಗೆದುಕೊಂಡು ಹಿಂದಿನ ಖಾಲಿ ಬದಿಗೆ ತಿರುಗಿಸಿ, ನನ್ನ ಲೇಖನಿ ಕೇಳಿದಳು. "ಬೇರೆ ಏನೇನಾಗಿತ್ತು ಅವ್ಳಿಗೆ? ಎಲ್ಲ ಹೇಳು. ವರ್ಷ ಹೇಳು. ಇನ್ನೊಂದ್ಸಲ ನಾನು ಹಾಗೆ 'ಇಲ್ಲ' ಅನ್ಬಾರ್ದು."

ಹೇಳಿದೆ. ಐದರಲ್ಲಿ ದಡಾರ. ಆರರಲ್ಲಿ ಮಣಿಕಟ್ಟು ಮುರಿದದ್ದು, ಎಡಗೈ. ಒಂಬತ್ತರಲ್ಲಿ ಆ ಚುಚ್ಚುಮದ್ದು. ಹನ್ನೊಂದರಲ್ಲಿ ಕಾಮಾಲೆ, ನಲವತ್ತು ದಿನ. ಹದಿಮೂರರಲ್ಲಿ ಹೊಟ್ಟೆನೋವು, ಅದು ಕಾಯಿಲೆಯಲ್ಲ, ಪರೀಕ್ಷೆಯ ಭಯ. ಒಂದೊಂದು ಹೇಳಿದಾಗಲೂ ನನ್ನ ಮನೆಯ ಒಂದೊಂದು ಪಾತ್ರೆಯನ್ನು ಎತ್ತಿಕೊಟ್ಟ ಹಾಗಾಗುತ್ತಿತ್ತು. ಅವಳ ಅಕ್ಷರ ಕೆಟ್ಟದಾಗಿದೆ, ಕಾಮಾಲೆಗೆ ದೀರ್ಘ ಹಾಕಲಿಲ್ಲ. ನಾನು ತಿದ್ದಲಿಲ್ಲ.

ಒಂದನ್ನು ಮಾತ್ರ ಬರೆಸಲಿಲ್ಲ. ಒಂಬತ್ತನೆಯ ವಯಸ್ಸಿನ ಆ ಜ್ವರದಲ್ಲಿ, ಉಸಿರು ಮರಳಿ ಬಂದಾಗ, ನೀನು ನನ್ನನ್ನು ಏನೆಂದು ಕರೆದೆ ಎಂಬುದನ್ನು. ಅದು ವೈದ್ಯರಿಗೆ ಬೇಕಾದ ವಿಷಯವಲ್ಲ.

ಆ ಬದಿ ತುಂಬಿದ ಮೇಲೆ ಫಾರಂ ಕಚೇರಿಗೆ ಕಳುಹಿಸುವಂತಿರಲಿಲ್ಲ. ಅವಳು ಮಡಿಸಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಕಚೇರಿಯ ಕಡತದಲ್ಲಿ ಅವಳ ಹೆಸರೇ ಇದೆ. ಇರಲಿ. ಅವಳು ಈಗ ಹಗಲೆಲ್ಲ ನನ್ನ ಮನೆಯಲ್ಲೇ ಇರುತ್ತಾಳೆ. ಫೋನು ಬಂದರೆ ತಾನೊಬ್ಬಳೇ ಎತ್ತಲಾರಳಂತೆ. ಹೊಲಿಗೆ ಯಂತ್ರವೂ ಬಂದಿದೆ, ನಿನ್ನ ಕೋಣೆಯಲ್ಲಿದೆ. ಸದ್ದು ಸಹಿಸಲಾಗುತ್ತಿಲ್ಲ.

ಮುಂದೆ ಯಾರಾದರೂ ಆ ಮಧ್ಯಾಹ್ನವನ್ನು ಬೇರೆ ರೀತಿ ಹೇಳಿದರೆ ನಿನಗೆ ಆಧಾರವಿರಲಿ ಎಂದು, ಹಾಜರಿದ್ದವರನ್ನು ಇಲ್ಲಿ ಬರೆದಿಡುತ್ತೇನೆ:

ನಲ್ಲಿ ರಿಪೇರಿಯವನು, ಕೈಯಲ್ಲಿ ಸ್ಪ್ಯಾನರ್ ಹಿಡಿದು, ಅಡುಗೆಮನೆಯ ಬಾಗಿಲಲ್ಲಿ.

ನಿನ್ನ ತಾಯಿ.

ನಿನ್ನ ತಾಯಿ.